ಕಾಕಾ ಅವರ ಹಳೆಯ ಕಂಪ್ಯೂಟರ್ ಮತ್ತು ಬೀಗದ ಕೋಣೆಯಲ್ಲಿ ಕುಳಿತ ವೈರಸ್

ನಮಸ್ಕಾರ. ಇದು ಬಾಗಲಕೋಟೆಯ ನವನಗರ. ಈಗ ನೀವು ನೋಡುತ್ತಿರುವುದು ನಮ್ಮ ಕಾಕಾ ಅವರ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಲಗ್ನಗಳ ಹಂಗಾಮು. ಗೋಡೆಗೆ ಲಗ್ನಪತ್ರಿಕೆಯ ಮಾದರಿಗಳು, ಮೇಜಿನ ಮೇಲೆ ಅರಿಸಿನ ಹಚ್ಚಿದ ಒಂದು ಕರಡು ಪ್ರತಿ, ಅದರ ಪಕ್ಕದಲ್ಲಿ ಯಾರೋ ಬಿಟ್ಟುಹೋದ ಕೆಂಪು ಪೆನ್‌ಡ್ರೈವ್.

ಮೂಲೆಯಲ್ಲಿರುವ ಆ ಕಂಪ್ಯೂಟರ್‌ನಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ ಇದೆ. 2001ರಲ್ಲಿ ಬಂದ ವ್ಯವಸ್ಥೆ ಅದು. 2014ರ ಏಪ್ರಿಲ್‌ನಲ್ಲಿ ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿತು. ಆದರೂ ಕಾಕಾ ಅದನ್ನು ಬಿಡುವುದಿಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ನುಡಿ ಅಕ್ಷರಗಳಿಂದ ಮಾಡಿಟ್ಟ ಅವರ ಹಳೆಯ ಪತ್ರಿಕೆಗಳೆಲ್ಲ ಒತ್ತಕ್ಷರ ಕೆಡದೆ ತೆರೆಯುವುದು ಅದರಲ್ಲಿ ಮಾತ್ರ. ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ. ಆದರೆ ಊರಿನ ಪೆನ್‌ಡ್ರೈವ್‌ಗಳೆಲ್ಲ ಅದಕ್ಕೇ ಬಂದು ಚುಚ್ಚಿಕೊಳ್ಳುತ್ತವೆ.

ಮೊನ್ನೆ ಕಾಕಾ ಫೋನ್ ಮಾಡಿದರು. “ತಮ್ಮಾ, ವೈರಸ್ ಸಿಕ್ಕಿದೆ ಎನ್ನುತ್ತದೆ, ಅಳಿಸು ಎಂದರೆ ಆಗುವುದಿಲ್ಲ ಎನ್ನುತ್ತದೆ. ಮರುದಿನ ಮತ್ತೆ ಅದೇ ಸಂದೇಶ.” ಪರದೆಯನ್ನು ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಸಿ ಡ್ರೈವ್, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಫೋಲ್ಡರ್, ಅದರೊಳಗೆ ರಿಸ್ಟೋರ್. ಫೈಲಿನ ಹೆಸರು ‘ಎ’ ಅಕ್ಷರದಿಂದ ಆರಂಭ, ಮುಂದೆ ಏಳು ಅಂಕಿ, ಕೊನೆಗೆ ಇಎಕ್ಸ್‌ಇ, ಅಂದರೆ ಇದು ಓಡಿಸಬಹುದಾದ ಪ್ರೋಗ್ರಾಮ್ ಎಂಬ ಗುರುತು. ಈ ವಿಳಾಸ ಕಂಡರೆ ಗಾಬರಿ ಬೇಡ. ಇದು ಸಿಸ್ಟಮ್ ರಿಸ್ಟೋರ್‌ನ ಉಗ್ರಾಣ. ಕಂಪ್ಯೂಟರ್ ಕೆಟ್ಟರೆ ಹಿಂದಿನ ದಿನದ ಸ್ಥಿತಿಗೆ ಮರಳಲೆಂದು ವಿಂಡೋಸ್ ತನ್ನ ಮುಖ್ಯ ಫೈಲುಗಳ ಪ್ರತಿಗಳನ್ನು ಇಲ್ಲಿ ಬೇರೆ ಹೆಸರಿಟ್ಟು ಕೂಡಿಡುತ್ತದೆ. ಈ ಕೋಣೆಗೆ ಬೀಗ ಹಾಕಿರುವುದೂ ವಿಂಡೋಸ್. ಆದ್ದರಿಂದಲೇ ಆಂಟಿವೈರಸ್‌ಗೆ ಒಳಗೆ ಕೈಹಾಕಲು ಆಗುವುದಿಲ್ಲ.

ವೈರಸ್ ಅಲ್ಲಿಗೆ ಹೋದದ್ದಾದರೂ ಹೇಗೆ? ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ ಪ್ರಶ್ನೆ ಇದೇ. ಯಾವುದಾದರೂ ಇಎಕ್ಸ್‌ಇ ಫೈಲನ್ನು ಅಳಿಸುವಾಗ, ಅಳಿಸುವುದಕ್ಕೆ ಮುನ್ನ ಸಿಸ್ಟಮ್ ರಿಸ್ಟೋರ್ ಅದರ ಒಂದು ಪ್ರತಿಯನ್ನು ತೆಗೆದಿಡುತ್ತದೆ. ಒಳ್ಳೆಯ ಫೈಲು ಯಾವುದು, ಸೋಂಕಿನ ಫೈಲು ಯಾವುದು ಎಂದು ಅದಕ್ಕೆ ತಿಳಿಯದು. ಹಾಗಾಗಿ ಆಂಟಿವೈರಸ್ ಹೊರಗೆ ವೈರಸ್ಸನ್ನು ಅಳಿಸಿದ ಗಳಿಗೆಯಲ್ಲೇ ಒಳಗೆ ಅದರದೊಂದು ಪ್ರತಿ ಜೋಪಾನವಾಗಿ ಸೇರಿಕೊಳ್ಳಬಹುದು. ಅದು ಅಲ್ಲಿ ತಾನಾಗಿ ಓಡುವುದಿಲ್ಲ, ಸುಮ್ಮನೆ ಬಿದ್ದಿರುತ್ತದೆ. ನಾವು ಆ ದಿನಾಂಕಕ್ಕೆ ರಿಸ್ಟೋರ್ ಮಾಡಿದರೆ ಮಾತ್ರ ಎದ್ದು ಬರುತ್ತದೆ.

ಕಾಕಾಗೆ ಇದನ್ನು ಹೇಳುವಾಗ ನಮ್ಮ ಅಜ್ಜಿಯ ಬಾಗಿಲು ನೆನಪಾಯಿತು. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಮನೆ ಮುಳುಗಡೆಯಾದಾಗ, ಅಜ್ಜಿ ಹಟ ಹಿಡಿದು ಬಾಗಿಲ ಚೌಕಟ್ಟನ್ನು ಬಿಚ್ಚಿಸಿ ನವನಗರಕ್ಕೆ ತಂದಿದ್ದರು. ಹಿತ್ತಲಲ್ಲಿ ಒರಗಿಸಿಟ್ಟಷ್ಟು ದಿನ ಏನೂ ಇರಲಿಲ್ಲ. ಹೊಸ ಮನೆಗೆ ಕೂರಿಸಿದ ಮೇಲೆ ಹೊಸ್ತಿಲ ಹತ್ತಿರ ದಿನವೂ ಹಿಟ್ಟಿನಂತೆ ಪುಡಿ ಬೀಳತೊಡಗಿತು. ಕುಟ್ಟೆ ಹುಳ ಚೌಕಟ್ಟಿನ ಜೊತೆಗೇ ಬಂದಿತ್ತು. ಕಾಕಾ ತಕ್ಷಣ ತಲೆಯಾಡಿಸಿದರು. ಆ ಪುಡಿಯನ್ನು ದಿನವೂ ಗುಡಿಸಿದವರು ಅವರೇ.

“ಹಾಗಾದರೆ ಈಗಲೇ ಎಲ್ಲ ಅಳಿಸಿಬಿಡು” ಎಂದರು. ಬೇಡ ಎಂದೆ. ಈ ಆತುರದಲ್ಲೇ ಬಹಳ ಜನ ಎಡವುತ್ತಾರೆ. ಮೊದಲು ಓಡುತ್ತಿರುವ ವ್ಯವಸ್ಥೆಯನ್ನು ಶುದ್ಧ ಮಾಡಿಕೊಳ್ಳಬೇಕು. ನಡುವೆ ಏನಾದರೂ ಕೆಟ್ಟು ಕಂಪ್ಯೂಟರ್ ಏಳದೇ ಹೋದರೆ, ಸೋಂಕಿರುವ ರಿಸ್ಟೋರ್ ಪಾಯಿಂಟ್ (ಉಗ್ರಾಣದಲ್ಲಿ ಕೂಡಿಟ್ಟ ಹಿಂದಿನ ಒಂದು ದಿನದ ಸ್ಥಿತಿ) ಆದರೂ ಕೈಗೆ ಸಿಗಬೇಕಲ್ಲ. ಹಾಗಾಗಿ ಮೊದಲು ಪತ್ರಿಕೆಗಳ ಫೈಲುಗಳನ್ನಷ್ಟೇ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಕೊಂಡೆವು. ಸಿಸ್ಟಮ್ ರಿಸ್ಟೋರ್ ನಮ್ಮ ದಾಖಲೆಗಳನ್ನು ಕಾಯುವುದಿಲ್ಲ, ವಿಂಡೋಸ್ ಮತ್ತು ಪ್ರೋಗ್ರಾಮ್‌ಗಳ ಫೈಲುಗಳನ್ನು ಮಾತ್ರ ಕಾಯುತ್ತದೆ. ಕಾಕಾ ಇಷ್ಟು ವರ್ಷ ಅದನ್ನೇ ಬ್ಯಾಕಪ್ ಎಂದು ನಂಬಿದ್ದರು. ಕೇಳಿ ನನ್ನ ಎದೆ ಝಲ್ಲೆಂದಿತು.

ಬಳಿಕ ರೆಸ್ಕ್ಯೂ ಡಿಸ್ಕ್ (ವಿಂಡೋಸ್ ಏಳಿಸದೆಯೇ ವೈರಸ್ ಹುಡುಕುವ ಡಿಸ್ಕ್) ಹಾಕಿ, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ, ಇಡೀ ಹಾರ್ಡ್ ಡಿಸ್ಕನ್ನು ಸ್ಕ್ಯಾನ್ ಮಾಡಿದೆವು. ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವಲಕ್ಕಿ, ಎರಡು ಸಲ ಚಹಾ. ಮತ್ತೊಮ್ಮೆ ಮಾಮೂಲಿನಂತೆ ಬೂಟ್ ಮಾಡಿ ಸ್ಕ್ಯಾನ್ ಮಾಡಿದಾಗ ಉಳಿದದ್ದು ಉಗ್ರಾಣದ ಫೈಲುಗಳು ಮಾತ್ರ.

ಈಗ ಅಳಿಸುವ ಸರದಿ. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸಿಸ್ಟಮ್ ರಿಸ್ಟೋರ್ ಟ್ಯಾಬ್. ಎಲ್ಲ ಡ್ರೈವ್‌ಗಳಲ್ಲೂ ಅದನ್ನು ನಿಲ್ಲಿಸುವ ಚೌಕಕ್ಕೆ ಗುರುತು ಹಾಕಿದರೆ, ಹಳೆಯ ರಿಸ್ಟೋರ್ ಪಾಯಿಂಟ್‌ಗಳೆಲ್ಲ ಹೋಗುತ್ತವೆ ಎಂಬ ಎಚ್ಚರಿಕೆ ಬರುತ್ತದೆ. ಒಪ್ಪಿಕೊಂಡು ರೀಸ್ಟಾರ್ಟ್ ಮಾಡಿ, ಇನ್ನೊಮ್ಮೆ ಸ್ಕ್ಯಾನ್ ಮಾಡಬೇಕು. ಆಮೇಲೆ ಆ ಗುರುತು ತೆಗೆಯುವುದನ್ನು ಮಾತ್ರ ಮರೆಯಬಾರದು. ನಿಮ್ಮಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ ಸಿಸ್ಟಮ್ ಪ್ರೊಟೆಕ್ಷನ್‌ಗೆ ಹೋಗಿ, ಕಾನ್ಫಿಗರ್ ಒತ್ತಿದರೆ ಡಿಲೀಟ್ ಗುಂಡಿ ಅಲ್ಲೇ ಇದೆ.

ಕೊನೆಗೆ ಹೊಸ ರಿಸ್ಟೋರ್ ಪಾಯಿಂಟ್. ಅದಕ್ಕೆ ಹೆಸರು ಕೇಳಿತು. ಕಾಕಾ ಕನ್ನಡಕ ಏರಿಸಿಕೊಂಡು, ಒಂದೊಂದೇ ಕೀಲಿ ಒತ್ತಿ, ಆ ದಿನದ ತಾರೀಖನ್ನೂ ‘ಶುದ್ಧ’ ಎಂಬ ಪದವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು.

ಆಗಲೇ ಕೆಂಪು ಪೆನ್‌ಡ್ರೈವ್‌ನವರು ಬಾಗಿಲಿಗೆ ಬಂದರು. ಪತ್ರಿಕೆಯಲ್ಲಿ ಹಿರಿಯರ ಹೆಸರೊಂದು ಬಿಟ್ಟುಹೋಗಿದೆಯಂತೆ. ಈಗ ಕಾಕಾ ಅವರ ಎಡಗೈಯನ್ನು ನೋಡಿ. ತಾನಾಗಿ ಏನೂ ತೆರೆದುಕೊಳ್ಳದಿರಲೆಂದು ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದಿದ್ದಾರೆ. ಬಲಗೈಯಿಂದ ಪೆನ್‌ಡ್ರೈವ್ ಚುಚ್ಚಿದರು. “ಐದು ನಿಮಿಷ ಕುಳಿತುಕೊಳ್ಳಿ, ಮೊದಲು ಸ್ಕ್ಯಾನ್ ಆಗಲಿ” ಎಂದು ಅವರಿಗೆ ಕುರ್ಚಿ ಎಳೆದು ಕೊಟ್ಟರು.