ಐರಿಷ್ ಮನೆತನದ ಟಾರ್ಟನ್‌ಗೆ ಎಷ್ಟು ವಯಸ್ಸು?

ಕೇಳುಗರಿಗೆ ನಮಸ್ಕಾರ.

ಮಾರ್ಚ್ 17, ಐರ್ಲೆಂಡಿನವರ ಸೇಂಟ್ ಪ್ಯಾಟ್ರಿಕ್ ಹಬ್ಬ. ಆ ಹೊತ್ತಿಗೆ ಅಮೆರಿಕದ ಬಾಸ್ಟನ್, ನ್ಯೂಯಾರ್ಕ್, ಷಿಕಾಗೋ ಊರುಗಳಲ್ಲಿ ದೊಡ್ಡ ಮೆರವಣಿಗೆ ಹೊರಡುತ್ತದೆ. ಅಲ್ಲಿ ಕಿಲ್ಟ್ ತೊಟ್ಟ ಗಂಡಸರು ಕಾಣುತ್ತಾರೆ. ಮೊಣಕಾಲಿನ ತನಕ ಬರುವ, ನೆರಿಗೆ ಹಿಡಿದ ಉಡುಪು ಅದು. ಹಲವರ ಕಿಲ್ಟ್ ಚೌಕುಳಿ ಉಣ್ಣೆ ಬಟ್ಟೆಯದು. ಆ ಚೌಕುಳಿಗೆ ಟಾರ್ಟನ್ ಎನ್ನುತ್ತಾರೆ. ಮರ್ಫಿ, ಓಬ್ರಿಯನ್, ಫಿಟ್ಜ್‌ಜೆರಾಲ್ಡ್ ಎಂಬ ಐರಿಷ್ ಹೆಸರಿನವರಿಗೆ ಅಂಗಡಿಯವರು ಒಂದೊಂದು ಚೌಕುಳಿ ತೋರಿಸಿ, ಇದು ನಿಮ್ಮ ಮನೆತನದ್ದು, ತಲೆತಲಾಂತರದಿಂದ ಬಂದದ್ದು ಅಂತ ಹೇಳಿ ಮಾರುವುದುಂಟು. ಕೊಂಡವರು ಅದನ್ನು ನಂಬಿ ಮಕ್ಕಳಿಗೂ ಹೇಳುತ್ತಾರೆ. ಅವರ ಪ್ರೀತಿ ನಿಜ. ಬಟ್ಟೆಯ ವಯಸ್ಸು ಮಾತ್ರ ನಿಜವಲ್ಲ.

ಮೊದಲು ಸ್ಕಾಟ್ಲೆಂಡಿನ ಕಥೆ ನೋಡೋಣ, ಯಾಕೆಂದರೆ ಮನೆತನಕ್ಕೊಂದು ಟಾರ್ಟನ್ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. ಅಲ್ಲಿನ ಬೆಟ್ಟನಾಡಿನ ಜನ ಚೌಕುಳಿ ಬಟ್ಟೆ ಉಡುತ್ತಿದ್ದದ್ದು ಬಹಳ ಹಳೆಯ ಮಾತೇ. ಆದರೆ ಊರಿನ ನೇಕಾರ ಏನು ನೇಯುತ್ತಾನೆ, ಯಾವ ಬಣ್ಣ ಸಿಗುತ್ತದೆ ಎಂಬುದರ ಮೇಲೆ ಚೌಕುಳಿ ಬದಲಾಗುತ್ತಿತ್ತು. 1746ರಲ್ಲಿ ಕಲ್ಲೋಡನ್ ಯುದ್ಧದಲ್ಲಿ ಬೆಟ್ಟನಾಡಿನವರು ಸೋತರು. ಆಮೇಲೆ ಬ್ರಿಟಿಷ್ ಸರ್ಕಾರ ಅವರ ಉಡುಪನ್ನೇ ನಿಷೇಧಿಸಿತು. 1782ರಲ್ಲಿ ನಿಷೇಧ ತೆಗೆದರು. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಎಂಬ ಬೆಟ್ಟನಾಡಿನವರ ಸಂಘ ಕುಲದ ನಾಯಕರಿಗೆಲ್ಲ ನಿಮ್ಮ ಕುಲದ ಟಾರ್ಟನ್ ತುಣುಕು ಕಳಿಸಿ ಎಂದು ಕೇಳಿತು. ಎಷ್ಟೋ ನಾಯಕರಿಗೆ ತಮ್ಮ ಟಾರ್ಟನ್ ಯಾವುದೆಂದೇ ಗೊತ್ತಿರಲಿಲ್ಲ. ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಎಂಬ ದೊಡ್ಡ ನೇಯ್ಗೆ ಮನೆಯವರು ಮೊದಲು ಬರೀ ಸಂಖ್ಯೆ ಹಾಕಿ ಮಾರುತ್ತಿದ್ದ ಚೌಕುಳಿಗಳಿಗೆ ಆಮೇಲೆ ಕುಲದ ಹೆಸರು ಅಂಟಿತು. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಆ ಸ್ವಾಗತದ ಏರ್ಪಾಡು ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಅವರದು. ಎಲ್ಲರೂ ಟಾರ್ಟನ್ ತೊಟ್ಟು ಬರಬೇಕೆಂದಾಯಿತು, ಬೇಡಿಕೆ ವಿಪರೀತ ಏರಿತು. ಅಂದರೆ ಸ್ಕಾಟ್ಲೆಂಡಿನಲ್ಲೇ ಕುಲದ ಟಾರ್ಟನ್ ವ್ಯವಸ್ಥೆ ಸುಮಾರು 200 ವರ್ಷದ್ದು.

ಹಾಗಾದರೆ ಐರ್ಲೆಂಡಿನವರು ಏನು ಉಡುತ್ತಿದ್ದರು? ಅವರದ್ದೇ ಆದ ಚೆಂದದ ಉಡುಪಿತ್ತು. ಅಗಸೆ ನಾರಿನ, ಅಂದರೆ ಲಿನನ್ ಬಟ್ಟೆಯ ದೊಗಳೆ ಅಂಗಿ, ಅಗಲವಾದ ತೋಳು, ಮೈಮೇಲೆ ದಪ್ಪ ಉಣ್ಣೆಯ ದೊಡ್ಡ ಹೊದಿಕೆ. ಅಂಗಿಗೆ ಕೇಸರಿ ಹಳದಿ ಬಣ್ಣ ಕಟ್ಟುತ್ತಿದ್ದರು. ಆ ಬಣ್ಣ ಇಂಗ್ಲಿಷ್ ಆಳ್ವಿಕೆಯ ಕಣ್ಣಿಗೆ ಎಷ್ಟು ಕುಕ್ಕಿತೆಂದರೆ, ಎಂಟನೇ ಹೆನ್ರಿಯ ಕಾಲದಲ್ಲಿ, 1537ರಲ್ಲಿ, ಕೇಸರಿ ಬಣ್ಣದ ಅಂಗಿ ತೊಡಬಾರದೆಂದು ಕಾನೂನೇ ಬಂತು. ಐರಿಷ್ ಉಡುಪಿನ ಬಗ್ಗೆ ಇಷ್ಟು ಗಟ್ಟಿಯಾದ ದಾಖಲೆ ಇರುವಾಗ ಅದನ್ನು ಬಿಟ್ಟು, ಇಲ್ಲದ ಚೌಕುಳಿಯ ಹಿಂದೆ ಹೋಗುವುದು ನನಗೆ ಬೇಸರದ ಸಂಗತಿ.

ಚೌಕುಳಿ ಐರ್ಲೆಂಡಿನಲ್ಲಿ ಇರಲೇ ಇಲ್ಲ ಅಂತಲ್ಲ. 1956ರಲ್ಲಿ ಉತ್ತರ ಐರ್ಲೆಂಡಿನ ಡಂಗಿವೆನ್ ಹತ್ತಿರ ಒಬ್ಬ ಕೃಷಿ ಕೆಲಸಗಾರ ಮಣ್ಣು ಅಗೆಯುತ್ತಿದ್ದಾಗ ಹಳೆಯ ಬಟ್ಟೆಗಳು ಸಿಕ್ಕವು. ಒಂದು ಹೊದಿಕೆ, ಒಂದು ಜಾಕೆಟ್, ಕಾಲಿಗೆ ಬಿಗಿಯಾಗಿ ಕೂರುವ ಒಂದು ಷರಾಯಿ. ಷರಾಯಿ ಟಾರ್ಟನ್ ಬಟ್ಟೆಯದು. ಹಿಗ್ಗಲಿ ಅಂತ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊಲಿದಿದ್ದರು. ಹರಿದ ಕಡೆಯೆಲ್ಲ ತೇಪೆ. ಕಾಲ ಸುಮಾರು 1590ರಿಂದ 1650ರ ನಡುವೆ ಎಂದು ತಜ್ಞರು ಲೆಕ್ಕ ಹಾಕಿದರು. ಈಗ ಅವು ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಮ್ಯೂಸಿಯಂನಲ್ಲಿವೆ. ಮಣ್ಣಿನಲ್ಲಿದ್ದು ಕಂದು ತಿರುಗಿದ ಬಣ್ಣದ್ದೊಂದು, ಮೂಲದಲ್ಲಿ ಹೀಗಿದ್ದಿರಬೇಕು ಎಂದು ಮತ್ತೆ ಕಟ್ಟಿದ ಕೆಂಪು ಬಣ್ಣದ್ದೊಂದು, ಹೀಗೆ ಎರಡು ಬಗೆಯಲ್ಲಿ ಆ ಷರಾಯಿಯ ಚೌಕುಳಿಯನ್ನು ಅಲ್‌ಸ್ಟರ್ ಟಾರ್ಟನ್ ಎಂದು ನೇಯುತ್ತಾರೆ.

ಈ ಷರಾಯಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದು ನಿಜವಾಗಿ ಒಬ್ಬ ಮನುಷ್ಯ ತೊಟ್ಟು, ಹರಿದು, ಹೊಲಿದು, ಮತ್ತೆ ತೊಟ್ಟ ಬಟ್ಟೆ. ಆದರೆ ಅದರ ಮೇಲೆ ಯಾವ ಮನೆತನದ ಹೆಸರೂ ಇಲ್ಲ. ಬಟ್ಟೆ ಸ್ಕಾಟ್ಲೆಂಡಿನಿಂದ ಸಮುದ್ರ ದಾಟಿ ಬಂದಿರಲೂ ಸಾಧ್ಯ, ಅಲ್ವಾ? ಎರಡು ನಾಡುಗಳ ನಡುವೆ ಕೆಲವು ಕಡೆ ಇಪ್ಪತ್ತು ಕಿಲೋಮೀಟರ್ ಸಮುದ್ರ ಅಷ್ಟೇ. ಡೊನೆಗಾಲ್‌ನ ಮ್ಯಾಕ್‌ಸ್ವೀನಿಗಳು, ಆಂಟ್ರಿಮ್‌ನ ಮ್ಯಾಕ್‌ಡೊನೆಲ್‌ಗಳು ಸ್ಕಾಟ್ಲೆಂಡಿನಿಂದಲೇ ಬಂದು ನೆಲೆಸಿದವರು.

ಕಿಲ್ಟ್ ಐರ್ಲೆಂಡಿಗೆ ಬಂದದ್ದು ಇನ್ನೂ ತಡವಾಗಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಐರಿಷ್ ಭಾಷೆ, ಆಟ, ಸಂಗೀತವನ್ನೆಲ್ಲ ಮತ್ತೆ ಬೆಳೆಸಬೇಕೆಂದು ಹೊರಟವರಿಗೆ ಒಂದು ರಾಷ್ಟ್ರೀಯ ಉಡುಪು ಬೇಕಿತ್ತು. ಪ್ಯಾಟ್ರಿಕ್ ಪಿಯರ್ಸ್, ಮುಂದೆ 1916ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ಬಂಡಾಯದ ನಾಯಕನಾದವನು, ಆಗ ಇಪ್ಪತ್ತರ ಹರೆಯದ ಹುಡುಗ. 1900ರಲ್ಲಿ ಆತ ಡಬ್ಲಿನ್ನಿನ ಮ್ಯೂಸಿಯಂಗೆ ಹೋಗಿ ಹಳೆಯ ಐರಿಷ್ ಷರಾಯಿಯನ್ನು ಕಣ್ಣಾರೆ ನೋಡಿದ. ನೋಡಲು ಚೆನ್ನಾಗಿಲ್ಲ, ಹಳೆಯದಲ್ಲದಿದ್ದರೂ ಕಿಲ್ಟೇ ವಾಸಿ ಎಂದು ಗೆಳೆಯನಿಗೆ ಬರೆದ. ಅವನು ಸುಳ್ಳು ಹೇಳಲಿಲ್ಲ ನೋಡಿ. ಯಾವುದು ಹಳತು, ಯಾವುದು ತಾವು ಆರಿಸಿಕೊಂಡದ್ದು ಎಂಬುದನ್ನು ತಿಳಿದೇ ಆರಿಸಿದ. ಆ ಕಾಲದ ಐರಿಷ್ ಕಿಲ್ಟ್ ಕೂಡ ಸಾಮಾನ್ಯವಾಗಿ ಒಂದೇ ಬಣ್ಣದ್ದು, ಕೇಸರಿ ಅಥವಾ ಹಸಿರು. ಐರಿಷ್ ಸೈನ್ಯದ ಪೈಪ್ ವಾದಕರು ಇಂದಿಗೂ ಕೇಸರಿ ಕಿಲ್ಟ್ ತೊಡುತ್ತಾರೆ.

ಇನ್ನು ಮಾರುಕಟ್ಟೆಯ ಮಾತು. ಐರ್ಲೆಂಡಿನ ಕೌಂಟಿಗಳಿಗೆ, ಅಂದರೆ ಜಿಲ್ಲೆಗಳಿಗೆ, ಒಂದೊಂದು ಟಾರ್ಟನ್ ಎಂದು ಸಿಗುವ ಪ್ರಸಿದ್ಧ ಸಾಲು ಇದೆಯಲ್ಲ, ಅದನ್ನು 1990ರ ದಶಕದಲ್ಲಿ ಹೌಸ್ ಆಫ್ ಎಡ್ಗರ್ ಎಂಬ ಕಂಪನಿ ತಯಾರಿಸಿತು. ಅದು ಸ್ಕಾಟ್ಲೆಂಡಿನ ಪರ್ತ್ ಊರಿನದು. ಐರಿಷ್ ಮನೆತನದ ಹೆಸರಿನ ಟಾರ್ಟನ್‌ಗಳಲ್ಲೂ ಹೆಚ್ಚಿನವು ಇಪ್ಪತ್ತನೇ ಶತಮಾನದವು, ಆಮೇಲಿನವು. ಚೆನ್ನಾಗಿಯೇ ಇವೆ. ಕಾರ್ಕ್, ಕೆರ್ರಿ, ಮೇಯೋ ಮೂಲದವರು ಅವನ್ನು ಮದುವೆಗೆ ತೊಟ್ಟರೆ ಯಾರಿಗೂ ನಷ್ಟವಿಲ್ಲ. ಹೊಸ ಬಟ್ಟೆಗೆ ಹಳೆಯ ವಯಸ್ಸು ಹೇಳಿ ಮಾರುವುದು ಮಾತ್ರ ತಪ್ಪು.

ಜನ ಅದನ್ನು ಯಾಕೆ ಇಷ್ಟು ಸುಲಭವಾಗಿ ನಂಬುತ್ತಾರೆ? 1845ರಿಂದ ಕೆಲವು ವರ್ಷ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಕೈಯಲ್ಲಿ ಏನೂ ಇರಲಿಲ್ಲ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ದಾಖಲೆ ಭಂಡಾರ ಸುಟ್ಟುಹೋಯಿತು. ಅದರಲ್ಲಿ 1821ರಿಂದ 1851ರವರೆಗಿನ ಜನಗಣತಿಯ ಕಾಗದಗಳ ಬಹುಪಾಲು ಬೂದಿಯಾಯಿತು. ಅಜ್ಜಿಯ ಊರು ಹುಡುಕಲು ಹೋದ ಮೊಮ್ಮಗನಿಗೆ ಕಾಗದ ಸಿಗುವುದಿಲ್ಲ. ಪಕ್ಕದ ಅಂಗಡಿಯಲ್ಲಿ ಹೆಸರು ಬರೆದ ಬಟ್ಟೆ ಸಿಗುತ್ತದೆ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಎಲ್ಲವೂ ಸುಟ್ಟಿಲ್ಲ. 1847ರಿಂದ 1864ರವರೆಗೆ ಮಾಡಿದ ಗ್ರಿಫಿತ್ ಭೂಮೌಲ್ಯ ಪಟ್ಟಿಯಲ್ಲಿ ಯಾವ ಜಮೀನನ್ನು ಯಾರು ಗೇಣಿಗೆ ಮಾಡುತ್ತಿದ್ದರು ಎಂಬ ವಿವರ ಇದೆ. 1901 ಮತ್ತು 1911ರ ಜನಗಣತಿ ಉಳಿದಿದೆ, ಐರ್ಲೆಂಡಿನ ರಾಷ್ಟ್ರೀಯ ದಾಖಲೆ ಭಂಡಾರ ಅದನ್ನು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಮನೆಯಲ್ಲಿ ಯಾರ್ಯಾರಿದ್ದರು, ಕಸುಬು ಏನು, ಓದು ಬರಹ ಬರುತ್ತಿತ್ತೇ, ಐರಿಷ್ ಮಾತಾಡುತ್ತಿದ್ದರೇ, ಮನೆಗೆ ಎಷ್ಟು ಕೋಣೆ, ಮುಂದೆ ಎಷ್ಟು ಕಿಟಕಿ, ಎಲ್ಲವೂ ಅಲ್ಲಿದೆ. ಟಾರ್ಟನ್ ಕೊಳ್ಳುವವರಿಗೂ ಒಂದು ಜಾಗ ಇದೆ. ಸ್ಕಾಟ್ಲೆಂಡ್ ಸರ್ಕಾರ 2009ರಲ್ಲಿ ಟಾರ್ಟನ್‌ಗಳ ನೋಂದಣಿ ಪುಸ್ತಕ ತೆರೆಯಿತು. ಐರಿಷ್ ಹೆಸರಿನವೂ ಅದರಲ್ಲಿ ಎಷ್ಟೋ ಇವೆ. ಯಾರು ವಿನ್ಯಾಸ ಮಾಡಿದರು, ಯಾವ ವರ್ಷ ಎಂಬುದು ಸಿಕ್ಕಷ್ಟು ಮಟ್ಟಿಗೆ ಅಲ್ಲಿ ದಾಖಲಾಗಿದೆ. ಕಿಲ್ಟ್ ಹೊಲಿಸುವ ಮುಂಚೆ ಅಲ್ಲಿ ಆ ವರ್ಷ ನೋಡಿ, ಮಕ್ಕಳಿಗೆ ಹೇಳುವಾಗ ಅದೇ ವರ್ಷ ಹೇಳಿ.

ನಮಸ್ಕಾರ.