ಎದುರು ಸಾಲಿನ ಗೆಳೆಯರು

ಕೇಳುಗರಿಗೆ ನಮಸ್ಕಾರ.

ಮದುವೆಯ ಹಂಗಾಮಿನಲ್ಲಿ ಕಲಬುರಗಿಯ ಯಾವುದಾದರೂ ದೊಡ್ಡ ಕಲ್ಯಾಣ ಮಂಟಪಕ್ಕೆ ಹೋದವರು ಈ ನೋಟವನ್ನು ಕಂಡೇ ಇರುತ್ತೀರಿ. ಹಿಂದಿನ ದಿನವಷ್ಟೇ ಪತ್ರಿಕಾಗೋಷ್ಠಿಯಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯ್ದಿದ್ದ ಎರಡು ಪಕ್ಷಗಳ ಮುಖಂಡರು ಮುಂದಿನ ಸಾಲಿನ ಒಂದೇ ಸೋಫಾದಲ್ಲಿ ಕುಳಿತು, ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಗುಳಿಗೆಯ ವಿಚಾರ ಮಾತನಾಡುತ್ತಿರುತ್ತಾರೆ. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತ ಅವರ ಕಾರ್ಯಕರ್ತರು ಮಾತ್ರ ಎರಡು ಗುಂಪಾಗಿಯೇ ಇರುತ್ತಾರೆ.

ಇದನ್ನು ಕಂಡು ‘ಎಲ್ಲಾ ನಾಟಕ’ ಎಂದು ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ, ಏಕೆಂದರೆ ನಮ್ಮ ರಾಜಕಾರಣದ ಚರಿತ್ರೆಯಲ್ಲಿ ಗೆಳೆತನ ಮೊದಲು ಹುಟ್ಟಿ ವಿರೋಧ ಆಮೇಲೆ ಬಂದ ಉದಾಹರಣೆಗಳಿವೆ. ಚಿಂಚೋಳಿಯ ವೀರೇಂದ್ರ ಪಾಟೀಲರು ಮತ್ತು ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ನಿಜಲಿಂಗಪ್ಪನವರ ಗರಡಿಯಲ್ಲಿ ಬೆಳೆದವರು. ನಾಡು ಅವರನ್ನು ‘ಲವ-ಕುಶ’ ಎಂದೇ ಕರೆಯಿತು. 1968ರಲ್ಲಿ ಪಾಟೀಲರು ಮುಖ್ಯಮಂತ್ರಿಯಾದಾಗ ಹೆಗಡೆ ಅವರ ಸಂಪುಟದಲ್ಲಿದ್ದರು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಜನತಾ ಪಕ್ಷದ ಅಭ್ಯರ್ಥಿಯಾಗಿ ಇಂದಿರಾ ಗಾಂಧಿಯವರನ್ನು ಎದುರಿಸಿ ಸೋತ ಪಾಟೀಲರು, ಕೆಲವೇ ವರ್ಷಗಳಲ್ಲಿ ಅದೇ ಇಂದಿರಾ ಅವರ ಸಂಪುಟದಲ್ಲಿ ಸಚಿವರಾದರು. ಹೆಗಡೆಯವರು ಜನತಾ ಪಕ್ಷದಲ್ಲೇ ಉಳಿದು 1983ರಲ್ಲಿ ಮುಖ್ಯಮಂತ್ರಿಯಾದರು. 1989ರಲ್ಲಿ ಹೆಗಡೆಯವರಿದ್ದ ಜನತಾ ದಳವನ್ನು ನೆಲಕಚ್ಚಿಸಿ, 224ರಲ್ಲಿ 178 ಸ್ಥಾನ ಗೆದ್ದ ಕಾಂಗ್ರೆಸ್ಸಿನ ಮುಂದಾಳು ಪಾಟೀಲರೇ. ಒಟ್ಟಿಗೆ ಬೆಳೆದ ಇಬ್ಬರು ಹೀಗೆ ಎದುರುಬದುರು ನಿಂತಾಗ, ಒಬ್ಬರ ಬಲವೂ ದೌರ್ಬಲ್ಯವೂ ಇನ್ನೊಬ್ಬರಿಗೆ ಮೊದಲೇ ಗೊತ್ತಿರುತ್ತದೆ. ಅಂಥ ವಿರೋಧದಲ್ಲಿ ಸುಳ್ಳಿಗೆ ಜಾಗ ಕಡಿಮೆಯೆಂದು ನನಗನ್ನಿಸುತ್ತದೆ.

ದೆಹಲಿಯ ಮಾತಿಗೆ ಬಂದರೆ, 1994ರಲ್ಲಿ ಪ್ರಧಾನಿ ನರಸಿಂಹ ರಾಯರು ಜಿನೀವಾದ ಮಾನವ ಹಕ್ಕುಗಳ ಆಯೋಗದ ಸಭೆಗೆ ಭಾರತದ ನಿಯೋಗದ ನಾಯಕರನ್ನಾಗಿ ಕಳುಹಿಸಿದ್ದು ವಿರೋಧ ಪಕ್ಷದ ವಾಜಪೇಯಿಯವರನ್ನು. ಆ ಸ್ನೇಹ ಎಲ್ಲರ ಕಣ್ಣೆದುರಿಗೇ ಇತ್ತು, ದೇಶದ ಕೆಲಸಕ್ಕೂ ಬಂತು.

ನಮ್ಮಲ್ಲಿ ಇಂಥದ್ದು ಕೈಗೂಡಿದ್ದು ಸಂವಿಧಾನದ 371(ಜೆ) ವಿಧಿಯ ವಿಚಾರದಲ್ಲಿ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದ ವೈಜನಾಥ ಪಾಟೀಲರು ಜನತಾ ಪರಿವಾರದವರು. ಆ ಬೇಡಿಕೆ ಸಂಸತ್ತಿನಲ್ಲಿ ದಡ ಸೇರಿದಾಗ ಕೇಂದ್ರದಲ್ಲಿ ಸಚಿವರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರು ಕಾಂಗ್ರೆಸ್ಸಿನವರು. ಸಂವಿಧಾನದ ತಿದ್ದುಪಡಿಗೆ ಹಾಜರಿದ್ದು ಮತ ಹಾಕುವವರಲ್ಲಿ ಮೂರನೆಯ ಎರಡು ಭಾಗದ ಬೆಂಬಲ ಬೇಕು. ಆಗಿನ ಆಳುವ ಮೈತ್ರಿಕೂಟಕ್ಕೆ ತನ್ನ ಬಲದಿಂದಲೇ ಅಷ್ಟು ಮತ ಸೇರಿಸುವುದು ಸಾಧ್ಯವಿರಲಿಲ್ಲ. 2012ರ ಡಿಸೆಂಬರಿನಲ್ಲಿ ಎದುರು ಸಾಲಿನವರೂ ಕೈಯೆತ್ತಿದ್ದರಿಂದಲೇ ನಮ್ಮ ಮಕ್ಕಳಿಗೆ ಇಂದು ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ ಮೀಸಲು ಸಿಗುತ್ತಿದೆ.

ಹಾಗಾದರೆ ಜನ ‘ಹೊಂದಾಣಿಕೆ ರಾಜಕಾರಣ’ ಎಂದು ಬೈಯುವುದು ಯಾವುದನ್ನು? ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ದುರ್ಬಲ ಅಭ್ಯರ್ಥಿಯನ್ನು ಹಾಕಿಸುವುದು, ಟೆಂಡರು ಬಂದಾಗ ಪಾಲು ಮಾಡಿಕೊಳ್ಳುವುದು, ಹಗರಣದ ಕಡತ ಕೈಯಲ್ಲಿದ್ದರೂ ಸದನದಲ್ಲಿ ಬಾಯಿ ಬಿಡದಿರುವುದು. ಗೆಳೆತನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮದುವೆಯ ಸೋಫಾದಲ್ಲಿ ಕಾಣುವುದಿಲ್ಲ. ಸದನದ ನಡಾವಳಿಯಲ್ಲಿ ಕಾಣುತ್ತದೆ. ನಿನ್ನೆ ಜೊತೆಯಲ್ಲಿ ಉಂಡವರು ಇಂದು ಬೆಳಿಗ್ಗೆ ಎದ್ದು ನಿಂತು ಕೇಳಬೇಕಾದ ಪ್ರಶ್ನೆಯನ್ನು ಕೇಳಿದರೋ ಇಲ್ಲವೋ ಎಂಬುದು ಅಲ್ಲಿ ದಾಖಲಾಗಿರುತ್ತದೆ.

ನನಗಿರುವ ತಕರಾರು ಬೇರೆಯದು. ಮುಖಂಡರು ತಮ್ಮ ಸ್ನೇಹವನ್ನು ಕಾರ್ಯಕರ್ತರಿಗೆ ಹೇಳಿಕೊಡುವುದಿಲ್ಲ, ಜಗಳವನ್ನಷ್ಟೇ ಕೊಟ್ಟು ಹೋಗುತ್ತಾರೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ, ಪಕ್ಷದ ಚಿಹ್ನೆಯೇ ಇಲ್ಲದ ಆ ಚುನಾವಣೆಯಲ್ಲಿ, ನನ್ನ ಊರಿನ ಹೊಲದ ನೆರೆಯವರಿಬ್ಬರು ಎರಡು ಪಕ್ಷಗಳ ಪರವಾಗಿ ಬಡಿದಾಡಿಕೊಂಡರು, ಕೇಸು ದಾಖಲಾಯಿತು. ಕೆಲವೇ ದಿನಗಳಲ್ಲಿ ಎಳ್ಳಮವಾಸ್ಯೆ ಬಂತು. ಅಲ್ಲಿಯವರೆಗೆ ಪ್ರತಿ ವರ್ಷ ಎರಡೂ ಮನೆಯವರು ಒಂದೇ ಬನ್ನಿ ಗಿಡದ ಕೆಳಗೆ ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿ, ಭಜ್ಜಿ ಹಂಚಿಕೊಂಡು, ಜೊತೆಯಾಗಿ ಭೂತಾಯಿಗೆ ನೈವೇದ್ಯವಾಗಿ ಹೊಲದಲ್ಲಿ ಚರಗ ಚೆಲ್ಲುತ್ತಿದ್ದರು. ಆ ವರ್ಷ ಬದುವಿನ ಆಚೆಗೊಂದು, ಈಚೆಗೊಂದು ಬಂಡಿ ನಿಂತವು. ನಡುವೆ ಇದ್ದ ಗಿಡದ ನೆರಳಿಗೆ ಯಾರೂ ಹೋಗಲಿಲ್ಲ.

ಆಮೇಲೆ ಇಬ್ಬರೂ ತಾಲ್ಲೂಕು ಕೋರ್ಟಿನ ತಾರೀಖಿಗೆ ಬೆಳಗಿನ ಒಂದೇ ಬಸ್ಸಿನಲ್ಲಿ, ಒಬ್ಬ ಮುಂದಿನ ಸೀಟಿನಲ್ಲಿ ಒಬ್ಬ ಹಿಂದಿನ ಸೀಟಿನಲ್ಲಿ ಕುಳಿತು, ಹೋಗಿ ಬರುತ್ತಿದ್ದರು. ಹಾಗೆ ಹೊರಟಿದ್ದ ಒಂದು ದಿನ ಪತ್ರಿಕೆಯಲ್ಲಿ ಬಂದ ಮದುವೆಯೊಂದರ ಫೋಟೋವನ್ನು ಅವರಲ್ಲೊಬ್ಬ ನನ್ನ ಮುಂದೆ ಹಿಡಿದ. ಅದರಲ್ಲಿ ಅವರವರ ಮುಖಂಡರು ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದರು. “ನೋಡ್ರಿ, ಇವರು ಬೀಗರ ಹಂಗ ಕುಂತಾರ, ನಾವು ಕೋರ್ಟಿಗಿ ಅಡ್ಡಾಡಕತ್ತೀವಿ” ಎಂದ. ನಂತರ ಆ ಪತ್ರಿಕೆಯನ್ನು ಮಡಚಿ, ಹಿಂದಿನ ಸೀಟಿನ ಕಡೆಗೆ ನೋಡದೆಯೇ ಕೈ ಹಿಂದಕ್ಕೆ ಚಾಚಿದ. ಹಿಂದಿನಿಂದ ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು.

ನಮಸ್ಕಾರ.