ಊಟ ಪೂರ್ತಿ ಬಡಿಸಿದ್ರಾ?

ಕೇಳುಗರೆಲ್ಲರಿಗೂ ನಮಸ್ಕಾರ. ನಾನು 14 ವರ್ಷದಿಂದ ಬೆಂಗಳೂರಲ್ಲಿ ವಿಡಿಯೋ ಗೇಮ್ ಮಾಡೋ ಕೆಲಸದಲ್ಲಿದೀನಿ. ಲೆವೆಲ್ ಡಿಸೈನರ್ ಅಂತಾರೆ. ಆಟದೊಳಗೆ ಊರು ಎಲ್ಲಿ, ಗುಹೆ ಎಲ್ಲಿ, ಯಾವ ಬಾಗಿಲ ಹಿಂದೆ ಯಾರು ಕತ್ತಿ ಹಿಡ್ಕೊಂಡು ನಿಂತಿರ್ಬೇಕು, ಅದನ್ನೆಲ್ಲ ಕೂರಿಸೋದು ನನ್ನ ಕೆಲಸ. ರೇಡಿಯೋ ನಿಲಯದಿಂದ ಫೋನ್ ಮಾಡಿ, ಮೇಡಂ ಹದಿನೈದು ನಿಮಿಷ ಇದೆ, ಗೇಮ್ ಚಟದ ಬಗ್ಗೆ ಮಾತಾಡ್ತೀರಾ ಅಂದ್ರು. ಚಟದ ಬಗ್ಗೆ ಎಲ್ರೂ ಮಾತಾಡಿ ಆಗಿದೆ, ನಾನು ಡಿಎಲ್‌ಸಿ ಬಗ್ಗೆ, ಅಂದ್ರೆ ಕೊಂಡ ಗೇಮಿಗೆ ಆಮೇಲೆ ಜೋಡಿಸೋ ತುಂಡುಗಳ ಬಗ್ಗೆ ಮಾತಾಡ್ತೀನಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದಾನೇ ಇಲ್ಲ, ಆಮೇಲೆ ಆಯ್ತು ಮೇಡಂ ಅಂದ್ರು.

ಈಗ ನೀವು ಅಡುಗೆಮನೇಲಿ ಹುರುಳಿಕಾಯಿ ಹೆಚ್ಚುತ್ತಾ ರೇಡಿಯೋ ಕೇಳ್ತಿದೀರಿ ಅಂತಿಟ್ಕೊಳ್ಳಿ. ಮಗ ಬಂದು, ಅಮ್ಮಾ ಎಂಟುನೂರು ರೂಪಾಯಿ ಕೊಡು, ಗೇಮಿಗೆ ಅಂತಾನೆ. ಅಲ್ವೋ, ಆ ಗೇಮನ್ನ ಹುಟ್ಟಿದಹಬ್ಬಕ್ಕೇ ಕೊಡ್ಸಿದ್ವಲ್ಲೋ ಅಂತೀರಿ. ಇಲ್ಲಮ್ಮಾ, ಇದು ಡಿಎಲ್‌ಸಿ ಅಂತಾನೆ. ನಿಮಗೆ ಸಿಟ್ಟು ಬರುತ್ತೆ. ಬರ್ಬೇಕಾದ್ದೇ. ಆದ್ರೆ ಸಿಟ್ಟು ಮಾಡ್ಕೊಳ್ಳೋಕೆ ಮುಂಚೆ ಅವನಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಇದಿಲ್ದೇನೂ ಮೊದಲು ಕೊಂಡ ಆಟ ಪೂರ್ತಿ ಇತ್ತಾ?

ಅಷ್ಟೇ. ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ, ಇದನ್ನೇ ಐದಾರು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಡಿಎಲ್‌ಸಿ ಅಂದ್ರೆ ಆಟ ಕೊಂಡ ಮೇಲೆ ಇಂಟರ್ನೆಟ್ಟಿಂದ ಇಳಿಸ್ಕೊಂಡು ಅದಕ್ಕೇ ಜೋಡಿಸೋ ತುಂಡು. ಮುಂಚೆ ಇದು ಅಂಗಡೀಲಿ ಬೇರೆ ಡಬ್ಬೀಲಿ ಬರ್ತಿತ್ತು, ಎಕ್ಸ್‌ಪಾನ್ಷನ್ ಅಂತಿದ್ವಿ. 2000ದಲ್ಲಿ ಏಜ್ ಆಫ್ ಎಂಪೈರ್ಸ್ ಎರಡು ಅನ್ನೋ ಯುದ್ಧದ ಗೇಮಿಗೆ ಕಾಂಕರರ್ಸ್ ಅಂತ ಬಂತಲ್ಲ, ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆಡಿದವರಿಗೆ ಗೊತ್ತಿರುತ್ತೆ, ಅದೇ ಜಾತಿ. ಮದುವೆ ಊಟ ಆಯ್ತು, ಹೊಟ್ಟೆ ತುಂಬ್ತು, ಎಲೆ ಮಡಚ್ಬೇಕು ಅನ್ನೋಷ್ಟರಲ್ಲಿ ಇನ್ನೊಂದು ಹೋಳಿಗೆ ಹಾಕ್ಲಾ ಅಂತ ಬರ್ತಾರಲ್ಲ, ಒಳ್ಳೇ ಡಿಎಲ್‌ಸಿ ಅಂದ್ರೆ ಆ ಹೋಳಿಗೆ. ಕೆಟ್ಟದ್ದು ಅಂದ್ರೆ ಅನ್ನ ಬಡಿಸಿ, ಸಾರಿನ ಬಕೆಟ್ಟನ್ನ ಎದುರಿಗೇ ಇಟ್ಕೊಂಡು, ಸಾರಿಗೆ ಬೇರೆ ಕೂಪನ್ ತಗೊಳ್ಳಿ ಅನ್ನೋದು.

ಇದರಲ್ಲಿ ಮೊದಲ ದೊಡ್ಡ ಗಲಾಟೆ ಆಗಿದ್ದು ಒಂದು ಕುದುರೆಯಿಂದ. 2006ರಲ್ಲಿ ಅಮೆರಿಕದ ಬೆಥೆಸ್ಡಾ ಕಂಪನಿಯವ್ರು ಎಲ್ಡರ್ ಸ್ಕ್ರೋಲ್ಸ್ ಸರಣೀಲಿ ಆಬ್ಲಿವಿಯನ್ ಅಂತ ಗೇಮ್ ಬಿಟ್ರು. ಸೊಗಸಾದ ಗೇಮ್, ಹೊಳೆ ಕಾಡು ಬೆಟ್ಟ ಎಲ್ಲ ನೋಡ್ತಾ ಕೂರಬಹುದು. ಗೇಮ್ ಬಂದು ಎರಡು ವಾರ ಆಯ್ತೋ ಇಲ್ವೋ, ಆಟದೊಳಗಿನ ಕುದುರೆಗೆ ಕವಚ ಮಾರೋಕೆ ತಂದ್ರು. ಎರಡೂವರೆ ಡಾಲರ್, ಆಗಿನ ಲೆಕ್ಕದಲ್ಲಿ ನಮ್ಮ 110 ರೂಪಾಯಿ ಹತ್ರ. ಹೊಸ ಊರಿಲ್ಲ, ಕಥೆ ಇಲ್ಲ. ಕುದುರೆಗೊಂದು ಅಂಗಿ. ಜನ ಸಿಕ್ಕಾಪಟ್ಟೆ ಬೈದ್ರು. ಬೈದವರಲ್ಲೇ ಎಷ್ಟೋ ಜನ ಕೊಂಡೂ ಕೊಂಡ್ರು, ಅದು ಬೇರೆ ಮಾತು. 2009ರ ಏಪ್ರಿಲ್ ಒಂದನೇ ತಾರೀಕು ಕಂಪನಿಯವ್ರು ಬಾಕಿ ಎಲ್ಲದಕ್ಕೂ ಅರ್ಧ ಬೆಲೆ ಮಾಡಿ, ಕುದುರೆ ಕವಚಕ್ಕೆ ಮಾತ್ರ ಡಬಲ್ ಮಾಡಿ ತಮ್ಮನ್ನ ತಾವೇ ಗೇಲಿ ಮಾಡ್ಕೊಂಡ್ರು. ನಮ್ಮ ಕೆಲಸದಲ್ಲಿ ಈಗ್ಲೂ ಮೀಟಿಂಗಲ್ಲಿ ಯಾರಾದ್ರೂ ಕಳಪೆ ಐಡಿಯಾ ತಂದ್ರೆ, ಬಂತಪ್ಪ ಕುದುರೆ ಕವಚ ಅಂತೀವಿ.

ಆದ್ರೆ ಕೇಳಿ. ಅದೇ ಕಂಪನಿ, ಅದೇ ಆಟಕ್ಕೆ, ಮರುವರ್ಷ 2007ರಲ್ಲಿ ಶಿವರಿಂಗ್ ಐಲ್ಸ್ ಅಂತ ಎಕ್ಸ್‌ಪಾನ್ಷನ್ ಬಿಡ್ತು. ಕೊಲ್ಲಿ ನಡುವಿನ ಒಂದು ಪುಟ್ಟ ದ್ವೀಪದಲ್ಲಿ ಒಂದು ವಿಚಿತ್ರ ಬಾಗಿಲು ಹುಟ್ಕೊಂಡಿರುತ್ತೆ, ಒಳಗೆ ಹೋದ್ರೆ ಹುಚ್ಚಿನ ದೇವರ ರಾಜ್ಯ. ಅರ್ಧ ರಾಜ್ಯ ಬಣ್ಣಬಣ್ಣದ ಅಣಬೆ, ಚಿಟ್ಟೆ, ಉನ್ಮಾದ, ಇನ್ನರ್ಧ ಕಪ್ಪು ಕೆಸರು, ಅನುಮಾನ, ಖಿನ್ನತೆ. ದೇವರು ಒಂದು ಮಾತಲ್ಲಿ ನಗಿಸ್ತಾನೆ, ಮುಂದಿನ ಮಾತಲ್ಲಿ ಕಣ್ಣು ಕೀಳ್ತೀನಿ ಅಂತಾನೆ. ಅದಿಲ್ದೇನೂ ಆಬ್ಲಿವಿಯನ್ ಪೂರ್ತಿ ಇತ್ತು, ಅದು ಬಂದ್ಮೇಲೆ ಆಟ ಎರಡಾಯ್ತು. ಹೋಳಿಗೆ. ಅದಕ್ಕೇ ಹೇಳೋದು, ಕಂಪನಿ ಹೆಸರು ನೋಡಿ ತೀರ್ಮಾನ ಮಾಡ್ಬೇಡಿ, ಪ್ರಶ್ನೆ ಕೇಳಿ.

ಸರಿ, ಈಗ ನನ್ನ ಅಚ್ಚುಮೆಚ್ಚಿನದ್ದಕ್ಕೆ ಬರ್ತೀನಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಅನ್ನೋ ಕಂಪನಿಯ ವಿಚರ್ ಮೂರು. 2015ರ ಮೇನಲ್ಲಿ ಬಂತು. ಗೆರಾಲ್ಟ್ ಅಂತ ಒಬ್ಬ ಬಿಳಿಕೂದಲಿನವನು, ಬೆನ್ನಿಗೆ ಎರಡು ಕತ್ತಿ, ಊರೂರು ಅಲೆದು ಕೂಲಿಗೆ ರಾಕ್ಷಸರನ್ನ ಹೊಡೀತಾನೆ. 16 ಸಣ್ಣಪುಟ್ಟ ಡಿಎಲ್‌ಸಿ ಪುಕ್ಸಟ್ಟೆ ಕೊಟ್ರು, ದುಡ್ಡಿಗೆ ಮಾರಿದ್ದು ಎರಡೇ. ಒಂದು ಹಾರ್ಟ್ಸ್ ಆಫ್ ಸ್ಟೋನ್, ಅದೇ ಅಕ್ಟೋಬರಲ್ಲಿ. ಅದರ ಖಳ ಕನ್ನಡಿ ಮಾರೋ ಒಬ್ಬ ಸಾಧಾರಣ ಮನುಷ್ಯ, ಮೂಲ ಆಟದ ಮೊದಲ ಊರಿನ ಹೆಂಡದಂಗಡೀಲೇ ನಿಮ್ಮನ್ನ ಮಾತಾಡಿಸಿರ್ತಾನೆ, ನೀವು ಮರೆತಿರ್ತೀರಿ, ಐದು ತಿಂಗಳಾದ್ಮೇಲೆ ಬಂದಾಗ ಬೆನ್ನು ಝುಂ ಅನ್ನುತ್ತೆ. ಇನ್ನೊಂದು 2016ರ ಮೇ ಕೊನೇಲಿ ಬಂದ ಬ್ಲಡ್ ಆಂಡ್ ವೈನ್. ಟೂಸಾಂಟ್ ಅಂತ ದ್ರಾಕ್ಷಿತೋಟಗಳ ಹೊಸ ಸೀಮೆ, ಗೆರಾಲ್ಟನಿಗೆ ಕೊನೆಗೂ ಸ್ವಂತದ್ದೊಂದು ಮನೆ, ಮನೆ ಸುತ್ತ ತೋಟ. 20 ಡಾಲರಿನ ಈ ತುಂಡು ಆ ವರ್ಷ ಗೇಮ್ ಅವಾರ್ಡ್ಸಲ್ಲಿ ಪೂರ್ತಿ ಗೇಮ್‌ಗಳನ್ನ ಹಿಂದೆ ಹಾಕಿ ಅತ್ಯುತ್ತಮ ರೋಲ್ ಪ್ಲೇಯಿಂಗ್ ಗೇಮ್ ಪ್ರಶಸ್ತಿ ತಗೊಂಡ್ತು.

ಇದನ್ನ ನಾನು ಆಡಿದ್ದು 2016ರ ನವೆಂಬರಲ್ಲಿ, ಸಾಗರದ ನಮ್ಮ ಮನೇಲಿ. ತಿಂಗಳು ಯಾಕೆ ಹೇಳಿದೆ ಅಂದ್ರೆ, ನೋಟ್ ರದ್ದಾದ ತಿಂಗಳು ಅದು. ನಮ್ಮಪ್ಪ ಒಂದು ಬ್ಯಾಂಕಲ್ಲಿ 34 ವರ್ಷ ಕ್ಯಾಷ್ ಕೌಂಟರಲ್ಲಿ ಕೂತು ರಿಟೈರ್ ಆದೋರು. ಪಿಂಚಣಿದಾರರು ನವೆಂಬರಲ್ಲಿ ನಾನಿನ್ನೂ ಬದುಕಿದೀನಿ ಅಂತ ಲೈಫ್ ಸರ್ಟಿಫಿಕೇಟ್ ಕೊಡ್ಬೇಕಲ್ಲ, ಅದಕ್ಕೂ ಕ್ಯೂ, ಹಳೇ ಐನೂರರ ನೋಟು ಕಟ್ಟೋಕೂ ಕ್ಯೂ. ಅಪ್ಪ ಬೆಳಗ್ಗೆ ಎಂಟಕ್ಕೆ ಹೋದೋರು ಮಧ್ಯಾಹ್ನ ಮೂರಕ್ಕೆ ಬಂದ್ರು. ಹೆಬ್ಬೆಟ್ಟಿನ ಮಷೀನು ಇವರ ಬೆರಳನ್ನ ಹಿಡೀಲೇ ಇಲ್ವಂತೆ. ನೋಟು ಎಣಿಸಿ ಎಣಿಸಿ ಗೆರೆ ಸವೆದೋಗಿದೆ ಕಣೇ, ಮಷೀನ್ ಪ್ರಕಾರ ನಾನು ಇಲ್ಲ ಅಂದ್ರು. ಕಾಫಿ ಲೋಟ ಹಿಡ್ಕೊಂಡು ನನ್ನ ರೂಮಿನ ಬಾಗಿಲಿಗೆ ಒರಗಿ ನಿಂತ್ಕೊಂಡ್ರು.

ಆ ಹೊತ್ತಿಗೆ ಸರಿಯಾಗಿ ನನ್ನ ಗೆರಾಲ್ಟ್ ಎಲ್ಲಿದ್ದ ಹೇಳಿ? ಬ್ಯಾಂಕಲ್ಲಿ! ಸತ್ಯವಾಗ್ಲೂ. ಅವನ ಹೆಸರಲ್ಲಿ ದುಡ್ಡಿರುತ್ತೆ, ತಗೊಳ್ಳೋಕೆ ಹೋಗಿರ್ತಾನೆ, ಕೌಂಟರಲ್ಲಿ ಕೂತ ಹೆಂಗಸು ಹೇಳ್ತಾಳೆ, ನೀವು ಸತ್ತಿದೀರಿ ಅಂತ ನಮ್ಮ ದಾಖಲೇಲಿ ಇದೆ. ಎದುರಿಗೇ ನಿಂತಿದಾನೆ, ಆರಡಿ ಆಳು! ಈ ಕೌಂಟರಿಂದ ಆ ಕೌಂಟರಿಗೆ ಹೋಗಿ ಅಂತಾರೆ, ಎ38 ಅನ್ನೋ ಫಾರಂ ಬೇಕು ಅಂತಾರೆ, ರಾಕ್ಷಸರನ್ನ ಸೀಳಿದ ಮನುಷ್ಯ ಒಂದು ಚೀಟಿಗೋಸ್ಕರ ಕ್ಯೂ ನಿಂತಿದಾನೆ. ನಾನು ಬಿದ್ದು ಬಿದ್ದು ನಗ್ತಿದೀನಿ. ತಿರುಗಿ ನೋಡಿದ್ರೆ ಅಪ್ಪನ ಮುಖದಲ್ಲಿ ನಗು ಇಲ್ಲ. ಏನಂದ್ರು ಗೊತ್ತಾ, ಅವಳು ಹೇಳ್ತಿರೋದು ಸರೀನೇ ಇದ್ಯಲ್ಲೇ, ರೆಕಾರ್ಡಲ್ಲಿ ಸತ್ತಿದಾನೆ ಅಂತಿದ್ರೆ ಕ್ಯಾಷ್ ಹೇಗೆ ಕೊಡ್ತಾಳೆ, ಆಡಿಟಲ್ಲಿ ಅವಳ ತಲೆಗೇ ಬರುತ್ತೆ.

ಏಳು ಗಂಟೆ ಕ್ಯೂ ನಿಂತು ಬಂದ ಮನುಷ್ಯ, ಕೌಂಟರಿನ ಪರ! ಆಮೇಲೆ ಕುರ್ಚಿ ಎಳ್ಕೊಂಡು ಕೂತೇ ಬಿಟ್ರು. ಅವನ ಹತ್ರ ಗುರುತಿನ ಚೀಟಿ ಏನಾದ್ರೂ ಇದ್ಯಾ, ಸಾಕ್ಷಿ ಯಾರೂ ಇಲ್ವಾ, ಮ್ಯಾನೇಜರ್ ರೂಮ್ ಎಲ್ಲಿದೆ ನೋಡು, ಒಂದೊಂದೇ ಶುರುವಾಯ್ತು. ಅಡುಗೆಮನೆಯಿಂದ ಅಮ್ಮ, ಯಾರ ಅಕೌಂಟ್ರೀ ಅದು ಅಂತ ಕೂಗಿದ್ರು. ಯಾವನೋ ಪಾಪ, ಬಿಳಿಕೂದಲಿನವನು ಅಂದ್ರು ಅಪ್ಪ. ನಾನು ಮೈಸೂರು, ಬೆಂಗಳೂರು ಅಂತ ಓದಿ, ಕೆಲಸಕ್ಕೆ ಸೇರಿ, ಏನು ಕೆಲಸ ಮಾಡ್ತೀಯೇ ನೀನು ಅಂತ ಕೇಳಿಸ್ಕೊಂಡು ಕೇಳಿಸ್ಕೊಂಡು ಸಾಕಾಗಿದ್ದೋಳು. ಅವತ್ತು ಮೊದಲನೇ ಸಲ ಅಪ್ಪ ಒಂದು ಗೇಮನ್ನ ಒಂದು ಗಂಟೆ ಕೂತು ನೋಡಿದ್ರು. ಆ ಬ್ಯಾಂಕ್ ಕಟ್ಟಿದೋರು ಯಾರೇ, ಕೌಂಟರನ್ನ ಬಾಗಿಲಿಂದ ಅಷ್ಟು ದೂರ ಯಾಕೆ ಇಟ್ಟಿದಾರೆ ಅಂದ್ರು. ಅದೇ ಅಪ್ಪ ನನ್ನ ಕೆಲಸ ಅಂದೆ. ಓ ಅಂದ್ರು. ಅಷ್ಟೇ. ಮಾರನೇ ದಿನ ತಿಂಡಿ ತಿನ್ನುವಾಗ, ಅವನಿಗೆ ದುಡ್ಡು ಸಿಕ್ತಾ ಅಂತ ಕೇಳಿದ್ರು. ಸಿಕ್ತು ಅಂದೆ. ನನ್ನದೂ ಆಗುತ್ತೆ ಬಿಡು ಅಂದ್ರು.

ಇದನ್ನ ಯಾಕೆ ಇಷ್ಟು ಹೇಳಿದೆ ಅಂದ್ರೆ, ಆ ಬ್ಯಾಂಕಿನ ಪ್ರಸಂಗ ಇಲ್ದಿದ್ರೂ ವಿಚರ್ ಮೂರರ ಕಥೇಲಿ ಒಂದು ಗೆರೇನೂ ಕಮ್ಮಿ ಆಗ್ತಿರ್ಲಿಲ್ಲ. ಯಾರೂ ಕೇಳಿರ್ಲಿಲ್ಲ, ಆದ್ರೂ ಕೂತು ಕಟ್ಟಿದಾರೆ. ನಮ್ಮಂಥವರಿಗೆ ಹೊಟ್ಟೆಕಿಚ್ಚಾಗೋದು ಅಲ್ಲೇ.

ಅಯ್ಯೋ, ಗಾಜಿನಾಚೆ ಬೆರಳು ತೋರಿಸ್ತಿದಾರೆ, ನಾಲ್ಕೇ ನಿಮಿಷ ಅಂತೆ. ನನಗೆ ಇಷ್ಟ ಇಲ್ಲದ್ದೆಲ್ಲ ಹಾಗೇ ಉಳ್ಕೊಂಡಿದೆ, ಬೇಗ ಬೇಗ ಹೇಳ್ತೀನಿ.

2012 ನಮ್ಮ ಲೋಕದಲ್ಲಿ ಕೆಟ್ಟ ವರ್ಷ. ಮಾರ್ಚಲ್ಲಿ ಮಾಸ್ ಎಫೆಕ್ಟ್ ಮೂರು ಬಂತು. ಆ ಸರಣಿ ಪೂರ್ತಿ ಪ್ರೋಥಿಯನ್ ಅನ್ನೋ ಒಂದು ಜನಾಂಗದ ಸುತ್ತ, 50,000 ವರ್ಷದ ಹಿಂದೆ ಅಳಿದುಹೋದವರು, ಮೊದಲ ಆಟದಿಂದ ಅವರ ಅವಶೇಷ ಹುಡುಕ್ತಾ ಬಂದಿರ್ತೀರಿ. ಮೂರನೇದ್ರಲ್ಲಿ ಜಾವಿಕ್ ಅಂತ ಒಬ್ಬ ಜೀವಂತ ಸಿಗ್ತಾನೆ. ಎಲ್ಲಿ? ಆಟ ಬಿಡುಗಡೆಯಾದ ದಿನವೇ ಬೇರೆ ಮಾರಿದ, ಹತ್ತು ಡಾಲರಿನ ಡಿಎಲ್‌ಸಿಯಲ್ಲಿ! ಮದುವೆ ಊಟಕ್ಕೆ ಕರೆದು ಮದುಮಗನ್ನ ನೋಡೋಕೆ ಟಿಕೆಟ್ ಇಟ್ಟಂಗೆ. ಅದೇ ತಿಂಗಳು ಜಪಾನಿನ ಕ್ಯಾಪ್ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ ಎಕ್ಸ್ ಟೆಕೆನ್ ಬಂತು, 12 ಫೈಟರ್‌ಗಳು ನೀವು ದುಡ್ಡು ಕೊಟ್ಟು ತಂದ ಡಿಸ್ಕಿನೊಳಗೇ ಕೂತಿದ್ರು, ಬೀಗ ಹಾಕಿ. ಇಳಿಸ್ಕೊಳ್ಳೋಕೆ ಏನಿದೆ ಅಲ್ಲಿ, ದುಡ್ಡು ಕೊಟ್ರೆ ಬೀಗದ ಕೈ ಕೊಡೋದು ಅಷ್ಟೇ. ಸಾರಿನ ಬಕೆಟ್ಟು ಅಂದ್ನಲ್ಲ, ಇದೇ. ಅದೇ ಕಂಪನಿ ಅದೇ ವರ್ಷ ಅಸುರಾಸ್ ರಾತ್ ಅಂತ ಇನ್ನೊಂದು ಗೇಮ್ ಬಿಡ್ತು, ಅಸುರ ಅಂತ ನಮ್ಮ ಕಡೆ ಹೆಸರಿನ ನಾಯಕ, ಸಿಟ್ಟು ಬಂದ್ರೆ ಆರು ಕೈ. ಅದರ ನಿಜವಾದ ಕೊನೆ, ಕ್ಲೈಮ್ಯಾಕ್ಸ್, ಡಿಎಲ್‌ಸಿ. ಯಕ್ಷಗಾನ ಬೆಳಗಿನ ಜಾವದವರೆಗೂ ಆಡಿಸಿ, ಸಂಹಾರ ಬಂದಾಗ ಪರದೆ ಎಳೆದು, ಮುಂದಿಂದಕ್ಕೆ ಬೇರೆ ಟಿಕೆಟ್ ಅಂದ್ರೆ ಭಾಗವತರನ್ನ ಬಿಡ್ತಿದ್ರಾ ನೀವು?

ಸಿಮ್ಸ್ ನಾಲ್ಕು ಅನ್ನೋ ಗೇಮಿನ ಎಲ್ಲ ಡಿಎಲ್‌ಸಿ ಪ್ಯಾಕೂ ಸೇರಿಸಿದ್ರೆ 1000 ಡಾಲರ್ ದಾಟುತ್ತೆ. ಅದರ ಬಗ್ಗೆ ಮಾತಾಡೋಕೆ ಟೈಮಿಲ್ಲ, ಮಗಳು ಕೇಳಿದ್ರೆ ನನ್ನ ಪ್ರಶ್ನೆ ಕೇಳಿ.

ಏಜ್ ಆಫ್ ಎಂಪೈರ್ಸ್ ಅಂದ್ನಲ್ಲ, 2022ರಲ್ಲಿ ಅದಕ್ಕೆ ಡೈನಾಸ್ಟೀಸ್ ಆಫ್ ಇಂಡಿಯಾ ಅಂತ ಡಿಎಲ್‌ಸಿ ಬಂತು. ಅಲ್ಲೀವರೆಗೆ ನಮ್ಮನ್ನೆಲ್ಲ ಒಟ್ಟಿಗೇ ಇಂಡಿಯನ್ಸ್ ಅಂತ ಒಂದೇ ಮೂಟೆ ಕಟ್ಟಿದ್ರು. ಅದನ್ನ ಬಿಚ್ಚಿ ಬಂಗಾಳದವರು, ಗುರ್ಜರರು, ದ್ರಾವಿಡರು ಅಂತ ಬೇರೆ ಮಾಡಿದ್ರು, ಹಳೇದಕ್ಕೆ ಹಿಂದೂಸ್ತಾನಿಗಳು ಅಂತ ಹೆಸರಿಟ್ರು. ಉರುಮಿ ಅನ್ನೋ ಬಳುಕೋ ಕತ್ತಿ ಬೀಸೋ ಸೈನಿಕರಿದಾರೆ, ಕೋಟೆ ಬಾಗಿಲು ಕೆಡವೋ ಕವಚದ ಆನೆ ಇದೆ. ಮೂಲ ಆಟ ಇಪ್ಪತ್ತು ವರ್ಷದಿಂದ ಪೂರ್ತೀನೇ ಇತ್ತು, ಹಂಗಾಗಿ ಇದು ಹೋಳಿಗೆ, ಅನುಮಾನ ಇಲ್ಲ. ಒಂದು ಸಣ್ಣ ತಕರಾರು ಮಾತ್ರ ಇದೆ. ದಕ್ಷಿಣದವರಿಗೆಲ್ಲ ಸೇರಿ ಒಂದೇ ದ್ರಾವಿಡ, ಕಥೆ ರಾಜೇಂದ್ರ ಚೋಳನದ್ದು, ಸೈನಿಕರು ಮಾತಾಡೋದು ತಮಿಳು. ಚೋಳರು ದೊಡ್ಡವರೇ, ನಾನೇನು ಇಲ್ಲ ಅನ್ನಲ್ಲ. ಆದ್ರೆ ಇಮ್ಮಡಿ ಪುಲಿಕೇಶಿಗೊಂದು ಕ್ಯಾಂಪೇನ್ ಮಾಡಿದ್ರೆ ನಾನು ಎರಡು ಪ್ರತಿ ಕೊಳ್ತೀನಿ, ಬೇಕಾದ್ರೆ ಕುದುರೆ ಕವಚಾನೂ ಸೇರಿಸ್ಲಿ.

ಒಂದೇ ನಿಮಿಷ ಅಂತೆ. ಆಯ್ತು, ಆಯ್ತು. ಎಲ್ಡನ್ ರಿಂಗ್ ಆಡೋ ಮಕ್ಕಳು ಕೇಳ್ತಿದ್ರೆ, 2024ರ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಡಿಎಲ್‌ಸಿ ಧೈರ್ಯವಾಗಿ ತಗೊಳ್ಳಿ, ಆದ್ರೆ ಮೂಲ ಆಟದ ಬಾಸ್‌ಗಳಾದ ಮೋಗ್‌ನನ್ನೂ ರಾಡಾನ್‌ನನ್ನೂ ಸೋಲಿಸದೆ ಅದರ ಬಾಗಿಲೇ ತೆರೆಯಲ್ಲ, ಕೊಂಡ್ಮೇಲೆ ಅಮ್ಮನ ಹತ್ರ ಅಳ್ಬೇಡಿ. ಕೊನೇ ಬಾಸ್ ಯಾರು ಅಂತ ನಾನು ಹೇಳಲ್ಲ. ಎರಡು ವಾರದಿಂದ ದಿನಾ ರಾತ್ರಿ ಅವನ ಕೈಲಿ ಸಾಯ್ತಿದೀನಿ, ಇವತ್ತೂ ಮನೆಗೆ ಹೋಗಿ ಅದೇ ಕೆಲಸ. ನಮಸ್ಕಾರ.